ಹೊಳೆಗೆ ಬಿಟ್ಟವರು, ಹೊಳೆಗೆ ಇಳಿದವರು

ಪ್ರತಿ ಮಳೆಗಾಲದಲ್ಲಿ ಒಂದು ದಿನ ಅಮ್ಮ ಶಿವಮೊಗ್ಗದಿಂದ ಫೋನ್ ಮಾಡಿ, ಹೇಗಿದ್ದೀಯ ಎಂದೂ ಕೇಳದೆ, "ಮಂಟಪ ಮುಳುಗಿತು" ಎನ್ನುತ್ತಾಳೆ. ಯಾವ ಮಂಟಪ ಎಂದು ನಮ್ಮೂರಿನವರು ಯಾರೂ ಕೇಳುವುದಿಲ್ಲ. ಕೋರ್ಪಲಯ್ಯನ ಛತ್ರದ ಬಳಿ ತುಂಗೆಯಲ್ಲಿ ನಿಂತಿರುವ ಪುಟ್ಟ ಕಲ್ಲು ಮಂಟಪ ಅದು. ಅದರ ನೆತ್ತಿಯ ಮೇಲೆ ನೀರು ಹರಿದರೆ ಹೊಳೆ ತುಂಬಿತು ಎಂದು ಊರಿಗೇ ಲೆಕ್ಕ. ಗಾಜನೂರಿನ ಅಣೆಕಟ್ಟೆಯಿಂದ ಎಷ್ಟು ಕ್ಯುಸೆಕ್ ಬಿಟ್ಟರು ಎಂಬುದು ಪತ್ರಿಕೆಯಲ್ಲಿ ಬರುತ್ತದೆ, ಆದರೆ ಜನ ಕೊಡೆ ಹಿಡಿದು ನಿಂತು ನೋಡುವುದು ಮಂಟಪವನ್ನೇ. ಹೆಂಗಸರು ಮೊರದಲ್ಲಿ ಬಳೆ, ಅರಿಶಿನ, ಕುಂಕುಮ, ರವಿಕೆ ಕಣ ಇಟ್ಟು ಬಾಗಿನ ಬಿಡುತ್ತಾರೆ.

ಹನ್ನೊಂದು ವರ್ಷಗಳಿಂದ ನಾನಿರುವ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಊರ ನಡುವೆ ರೈನ್ ನದಿ ಹರಿಯುತ್ತದೆ. ಇಲ್ಲಿಯ ಮಧ್ಯದ ಸೇತುವೆಯ ಮೇಲೂ ಮಂಟಪದಂಥದೇ ಒಂದು ಪುಟ್ಟ ಗುಡಿ ಇದೆ. ಮಧ್ಯಯುಗದಲ್ಲಿ ಶಿಕ್ಷೆಯಾದವರನ್ನು ಅಲ್ಲಿಂದ ನದಿಗೆ ನೂಕುತ್ತಿದ್ದರು. ಈಗ ಪ್ರೇಮಿಗಳು ಅದರ ಜಾಲರಿಗೆ ಬೀಗ ಜಡಿದು ಹೋಗುತ್ತಾರೆ. ಎರಡೂ ಒಂದೇ ಬಗೆಯ ಶಿಕ್ಷೆ ಎಂದು ವಿಚ್ಛೇದನ ಪಡೆದ ನನ್ನ ಸಹೋದ್ಯೋಗಿಯೊಬ್ಬನ ಅಭಿಪ್ರಾಯ.

ಬೇಸಿಗೆಯ ಸಂಜೆ ಇಲ್ಲಿ ಕಾಣುವ ನೋಟಕ್ಕೆ ನಾನು ಹೊಂದಿಕೊಳ್ಳಲು ಎರಡು ವರ್ಷ ಬೇಕಾಯಿತು. ಕಚೇರಿ ಮುಗಿಸಿದವರು ದಡದಲ್ಲಿ ನಿಂತು ಅಂಗಿ, ಷರಾಯಿ, ಬೂಟು, ಮೊಬೈಲ್ ಎಲ್ಲವನ್ನೂ ಮೀನಿನ ಆಕಾರದ ಚೀಲದೊಳಗೆ ತುರುಕುತ್ತಾರೆ. ಚೀಲದ ಬಾಯಿಯನ್ನು ಏಳು ಸುತ್ತು ಮಡಿಸಿ, ಕೊಕ್ಕೆ ಸಿಕ್ಕಿಸಿ, ಅದನ್ನೇ ತಬ್ಬಿಕೊಂಡು ನೀರಿಗೆ ಇಳಿದುಬಿಡುತ್ತಾರೆ. ಈಜುವ ಶ್ರಮವೂ ಹೆಚ್ಚಿಲ್ಲ, ಹೊಳೆಯೇ ಒಯ್ಯುತ್ತದೆ. ದೋಣಿಗಳ ದಾರಿಗೆ ಅಡ್ಡ ಬರದಂತೆ ಬಲದಂಡೆಗೆ ಅಂಟಿಕೊಂಡಿರಬೇಕು, ಅಷ್ಟೆ. ತಮ್ಮ ಮನೆಯ ಬೀದಿ ಬಂದಾಗ ಮೆಟ್ಟಿಲು ಹಿಡಿದು ಮೇಲೆ ಬರುತ್ತಾರೆ, ನಾವು ಸಿಟಿ ಬಸ್ಸಿನಿಂದ ಇಳಿಯುವಂತೆ.

ನಾನು ಈಜು ಕಲಿತದ್ದು ಮೂವತ್ತೆಂಟನೆಯ ವಯಸ್ಸಿನಲ್ಲಿ, ಇಲ್ಲಿಯ ಒಳಾಂಗಣ ಕೊಳದಲ್ಲಿ, ಆರು ವರ್ಷದ ಮಕ್ಕಳ ಜೊತೆ. ತುಂಗೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಬೆಳೆದವನಿಗೆ ನಾಚಿಕೆಯ ಮಾತೇ. ಆದರೆ ನಮ್ಮ ಮನೆಯಲ್ಲಿ ಹೊಳೆಯ ಬಗ್ಗೆ ಇದ್ದದ್ದು ಒಂದೇ ಮಾತು: "ಇಳಿಯಬೇಡ." ಪ್ರತಿ ಬೇಸಿಗೆ ರಜೆಯಲ್ಲಿ ಯಾವುದೋ ಮಡುವಿನಲ್ಲಿ ಯಾರದೋ ಮಗ ಹೋದ ಸುದ್ದಿ ಬರುತ್ತಿತ್ತು, ಅಮ್ಮನ ಮಾತಿಗೆ ಅದರ ಬೆಂಬಲವೂ ಇತ್ತು.

ನಾನು ತುಂಗೆಯ ನೀರಿನಲ್ಲಿ ಪೂರ್ತಿ ಮುಳುಗಿದ್ದು ಒಂದೇ ಸಲ, ಅದೂ ಭದ್ರೆ ಬಂದು ಸೇರುವ ಕೂಡಲಿಯಲ್ಲಿ, ಅಜ್ಜನ ಅಸ್ಥಿ ಬಿಟ್ಟ ದಿನ. ಮೂಗು ಹಿಡಿದು ಮೂರು ಮುಳುಗು. ಉಟ್ಟ ಬಟ್ಟೆಯನ್ನು ಅಲ್ಲಿಯೇ ಬಿಟ್ಟುಬಿಡಬೇಕೆಂದರು, ಬಿಟ್ಟೆ. ನನ್ನ ನೀಲಿ ಗೆರೆಯ ಅಂಗಿ ಸ್ವಲ್ಪ ದೂರ ತೇಲಿ, ಒಂದು ಕಲ್ಲಿಗೆ ಸಿಕ್ಕಿಕೊಂಡಿತು. ಅದರ ಒಂದು ತೋಳು ನೀರಿನ ಸೆಳೆತಕ್ಕೆ ಏಳುತ್ತ ಬೀಳುತ್ತ ಇತ್ತು. ಊಟಕ್ಕೆ ಕರೆಯುವವರೆಗೂ ನಾನು ಅದನ್ನೇ ನೋಡುತ್ತಿದ್ದೆ.

ನಮಗೂ ಇವರಿಗೂ ಇರುವ ವ್ಯತ್ಯಾಸ ಭಕ್ತಿಯದಲ್ಲ, ಶುಚಿತ್ವದ್ದೂ ಅಲ್ಲ, ಒಂದು ಕ್ರಿಯಾಪದದ್ದು ಎಂದು ನನಗೆ ಅನಿಸತೊಡಗಿದೆ. ನಾವು ಹೊಳೆಗೆ ಏನನ್ನಾದರೂ 'ಬಿಡುತ್ತೇವೆ'. ಬಾಗಿನ ಬಿಡುತ್ತೇವೆ, ಗಣಪತಿಯನ್ನು ಬಿಡುತ್ತೇವೆ, ಅಸ್ಥಿ ಬಿಡುತ್ತೇವೆ, ಗಾಜು ಒಡೆದ ದೇವರ ಫೋಟೋವನ್ನೂ ಬಿಡುತ್ತೇವೆ. ಚರಂಡಿಯನ್ನು ಹೊಳೆಗೆ ಬಿಡುವುದಕ್ಕೂ ಕನ್ನಡದಲ್ಲಿ ಅದೇ ಪದ. ಇವರು ಬಿಡುವುದಿಲ್ಲ, ಇಳಿಯುತ್ತಾರೆ. ಇಳಿದವನ ಬಾಯಿಗೆ ನೀರು ಹೋಗುತ್ತದೆ, ಆದ್ದರಿಂದ ಮೇಲಿನ ಊರಿನವರು ಅದಕ್ಕೆ ಏನು ಬೆರೆಸಿದರು ಎಂದು ಅವನು ಕೇಳಿಯೇ ಕೇಳುತ್ತಾನೆ.

ಇವರೇನು ಹುಟ್ಟಾ ಸಾಧುಗಳಲ್ಲ. 1980ರ ದಶಕದ ಆರಂಭದವರೆಗೂ ಈ ಊರಿನ ಕೊಳಚೆ ಶುದ್ಧೀಕರಣವಿಲ್ಲದೆ ರೈನ್‌ಗೆ ಸೇರುತ್ತಿತ್ತು. 1986ರ ನವೆಂಬರ್ 1ರಂದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಊರ ಪಕ್ಕದ ರಾಸಾಯನಿಕ ಗೋದಾಮಿಗೆ ಬೆಂಕಿ ಬಿತ್ತು. ಆರಿಸಲು ಹೊಡೆದ ನೀರು ಕೀಟನಾಶಕಗಳನ್ನು ತೊಳೆದುಕೊಂಡು ನದಿಗೆ ಇಳಿಯಿತು. ರೈನ್ ಕೆಂಪಾಗಿ ಹರಿಯಿತು, ಹಾವುಮೀನುಗಳು ರಾಶಿ ರಾಶಿಯಾಗಿ ಸತ್ತವು. ನಾನು ಎಂಟು ವರ್ಷದವನಾಗಿ ಶಾಲೆಯಲ್ಲಿ ಭುವನೇಶ್ವರಿಯ ಪಟಕ್ಕೆ ಹೂ ಏರಿಸುತ್ತಿದ್ದ ದಿನ ಅದು. ಮರುವರ್ಷವೇ ನದಿಯ ದಂಡೆಯ ದೇಶಗಳು ಸೇರಿ ಕಾರ್ಯಯೋಜನೆ ಹಾಕಿದವು. ಸಾಲ್ಮನ್ ಮೀನು ಮತ್ತೆ ಬರಬೇಕು ಎಂಬುದು ಅದರ ಗುರಿ. ದಾಖಲೆ ಪತ್ರಗಳಲ್ಲಿ ಏನೇ ಬರೆದರೂ ಮೀನು ಬಾರದೆ ನಂಬಿಸಲಾಗದಲ್ಲ! ಆ ಗುರಿ ನನಗೆ ಇಷ್ಟವಾದದ್ದು ಅದಕ್ಕೇ.

ನಮ್ಮಲ್ಲೂ 2024ರ ನವೆಂಬರಿನಲ್ಲಿ ತುಂಗಭದ್ರೆಗಾಗಿ ಶೃಂಗೇರಿಯಿಂದ ಪಾದಯಾತ್ರೆ ಹೊರಟಿತು. ಮರುವರ್ಷ ತೀರ್ಥಕ್ಷೇತ್ರಗಳ ಹೊಳೆದಂಡೆಯಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದು, ಭಕ್ತರು ಬಟ್ಟೆ ಬಿಡದಂತೆ ನೋಡಿಕೊಳ್ಳಬೇಕು ಎಂದು ಪರಿಸರ ಸಚಿವರು ಸೂಚಿಸಿದರು. ಓದಿದಾಗ ನನಗೆ ನೆನಪಾದದ್ದು ಆ ನೀಲಿ ಗೆರೆಯ ತೋಳು. ಸೋಪಿನ ಮೇಲೆ ಕಣ್ಣಿಟ್ಟದ್ದು ಸರಿಯೇ. ಆದರೆ ಊರೂರಿನ ಚರಂಡಿಗಳ ಮೇಲೂ ಅಷ್ಟೇ ಕಣ್ಣು ಬೀಳದಿದ್ದರೆ, 'ತುಂಗಾ ಪಾನ, ಗಂಗಾ ಸ್ನಾನ' ಎಂಬ ಗಾದೆಯ ಮೊದಲ ಅರ್ಧವನ್ನು ಕುದಿಸಿ ಆರಿಸಿಯೇ ಹೇಳಬೇಕಾಗುತ್ತದೆ.

ಕಳೆದ ಬೇಸಿಗೆಯಲ್ಲಿ ಅಮ್ಮ ಇಲ್ಲಿಗೆ ಬಂದಿದ್ದಳು. ಕಡವಿನ ದೋಣಿಯಲ್ಲಿ ಕರೆದುಕೊಂಡು ಹೋದೆ. ಅದಕ್ಕೆ ಮೋಟಾರಿಲ್ಲ, ಹುಟ್ಟೂ ಇಲ್ಲ. ದಂಡೆಯಿಂದ ದಂಡೆಗೆ ಎಳೆದ ತಂತಿಗೆ ಕಟ್ಟಿರುತ್ತಾರೆ, ಅಂಬಿಗ ದೋಣಿಯನ್ನು ಕೊಂಚ ಓರೆ ಮಾಡಿದರೆ ಹರಿವೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ನಂಬಲಾಗದ ಮಾತು ಹೇಳಿದವರಿಗೆ ಈ ಊರಿನವರು "ಅದನ್ನು ಹೋಗಿ ಅಂಬಿಗನಿಗೆ ಹೇಳು" ಎನ್ನುತ್ತಾರೆ. ನಮ್ಮಲ್ಲಿ ಅಂಬಿಗನೆಂದರೆ ಚೌಡಯ್ಯ, ಅವನ ಮುಂದೆ ಸುಳ್ಳು ಹೇಳಿದವನ ಗತಿಯೇ ಬೇರೆ.

ನಡುನೀರಿಗೆ ಬಂದಾಗ ಅಮ್ಮ ಪರ್ಸಿನಿಂದ ಎರಡು ರೂಪಾಯಿಯ ನಾಣ್ಯ ತೆಗೆದು, ಕಣ್ಣಿಗೊತ್ತಿಕೊಂಡು, ಹೊಳೆಗೆ ಬಿಟ್ಟಳು. ನಾನು ಏನೂ ಹೇಳಲಿಲ್ಲ. ಆಮೇಲೆ ಪಕ್ಕದಲ್ಲಿ ತೇಲಿ ಹೋಗುತ್ತಿದ್ದ ತಲೆಗಳನ್ನು ನೋಡಿ, "ಇಷ್ಟು ಜನ ಎಲ್ಲಿಗೆ ಹೊರಟಿದ್ದಾರೆ?" ಎಂದಳು.

"ಮನೆಗೆ."

"ನೀನು ಇಳಿಯುವುದಿಲ್ಲ ತಾನೇ?"

"ಇಲ್ಲಮ್ಮ."

ಮನೆಗೆ ಬಂದ ಮೇಲೆ ಬಾಲ್ಕನಿಯಲ್ಲಿ ಒಣಗಲು ಹಾಕಿದ್ದ ಮೀನಿನ ಚೀಲವನ್ನು ಮುಟ್ಟಿ ನೋಡಿದಳು. ಒಳಗೆ ಇನ್ನೂ ಒದ್ದೆಯಿತ್ತು. ಯಾತಕ್ಕೆ ಇದು ಎಂದು ಕೇಳಿದಳು. ತರಕಾರಿ ತರಲು ಎಂದೆ. ಈ ಊರಿನ ಗಾದೆ ಅವಳಿಗೆ ಗೊತ್ತಿಲ್ಲ, ಆದರೆ ಮುಖ ಅದನ್ನೇ ಹೇಳುತ್ತಿತ್ತು.