ನನ್ನ ತಟ್ಟೆ, ನಿಮ್ಮ ಮುಖ

ತುಮಕೂರಿನವರಿಗೆ ತಟ್ಟೆ ಅಂದ ತಕ್ಷಣ ನೆನಪಾಗುವುದು ಇಡ್ಲಿ. ಭಾನುವಾರ ಬೆಳಿಗ್ಗೆ ಕ್ಯಾತ್ಸಂದ್ರದ ಹೋಟೆಲುಗಳ ಮುಂದೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ತಿಂಗಳ ಕೊನೆಯ ಭಾನುವಾರ ಸಂಜೆ ಮಾತ್ರ ನಮ್ಮ ಐದು ಜನರ ಪಾಲಿಗೆ ತಟ್ಟೆ ಬೇರೆಯದೇ. ಹನ್ನೆರಡು ಇಂಚು ಅಗಲ, ಕಪ್ಪು ಬಣ್ಣ, ನಡುವೆ ಒಂದು ತೂತು. ಹಾಡಿನ ತಟ್ಟೆ, ಅಂದರೆ ಎಲ್‌ಪಿ ರೆಕಾರ್ಡ್. ಇದನ್ನೂ ಬಡಿಸುತ್ತಾರೆ. ಹೋಟೆಲಿನವನು ಇಡ್ಲಿ ಇಟ್ಟು ಮುಂದಿನ ಟೇಬಲ್ಲಿಗೆ ಹೋಗಿಬಿಡುತ್ತಾನೆ. ಈ ತಟ್ಟೆ ಬಡಿಸಿದವರು ಹಾಗಲ್ಲ. ಎದುರಿಗೆ ಕೂತು ನಮ್ಮ ಮುಖವನ್ನೇ ನೋಡುತ್ತಿರುತ್ತಾರೆ.

ಇಷ್ಟದ ಹಾಡು ತಂದು ಒಬ್ಬರಿಗೊಬ್ಬರು ಕೇಳಿಸಲು ನಾವು ಸೇರುವುದು ಎಸ್.ಎಸ್. ಪುರಂನ ಮೇಷ್ಟ್ರ ಮನೆಯಲ್ಲಿ. ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಪಾಠ ನಿಂತರೂ ಪ್ರಯೋಗ ನಿಂತಿಲ್ಲ. ರೆಕಾರ್ಡ್ ಪ್ಲೇಯರಿನ ಕೆಳಗೆ ಅಡುಗೆಕಟ್ಟೆಗೆ ಹಾಕಿ ಮಿಕ್ಕ ಗ್ರಾನೈಟ್ ಚಪ್ಪಡಿ ಇದೆ. ಯಾರಾದರೂ ಜೋರಾಗಿ ನಡೆದರೆ ಪಿನ್ನು ಅಲುಗಬಾರದು ಅಂತ. ಮೊಸಾಯಿಕ್ ನೆಲ, ಬೋಳು ಗೋಡೆ, ಹಾಗಾಗಿ ಮೊದಲು ಆ ಹಾಲ್ ಕಲ್ಯಾಣಮಂಟಪದ ಹಾಗೆ ಮೊಳಗುತ್ತಿತ್ತಂತೆ. ಈಗ ಮೂಲೆಗಳಲ್ಲಿ ಹತ್ತಿಯ ಹಾಸಿಗೆಗಳನ್ನು ಸುತ್ತಿ ನಿಲ್ಲಿಸಿದ್ದಾರೆ. ಮೂಲೆಯಲ್ಲಿ ಗುಂಯ್‌ಗುಡುವ ತಗ್ಗು ದನಿಯನ್ನು ಹತ್ತಿ ಒಂದಿಷ್ಟು ನುಂಗುತ್ತದೆ. ತೊಂದರೆ ಏನೆಂದರೆ ಮನೆಗೆ ನೆಂಟರು ಬಂದರೆ ಹಾಸಿಗೆ ಬೇಕು. ಆ ವಾರ ಮೃದಂಗದ ದನಿ ಕೆಡುತ್ತದೆ.

ಎರಡು ಸ್ಪೀಕರು, ಕೇಳುವವನ ತಲೆ, ಈ ಮೂರೂ ಸೇರಿ ಸಮ ಬಾಹುಗಳ ತ್ರಿಕೋನ ಆಗಬೇಕು ಅನ್ನುವುದು ಮೇಷ್ಟ್ರ ಲೆಕ್ಕ. ಲೆಕ್ಕ ಸರಿಯಾಗಿಯೇ ಇದೆ. ಅಲ್ಲಿ ಕೂತರೆ ಹಾಡುವವರು ಎರಡು ಪೆಟ್ಟಿಗೆಗಳ ನಡುವೆ, ಗೋಡೆಯ ಮೇಲಿನ ಕ್ಯಾಲೆಂಡರಿನ ಹತ್ತಿರ ನಿಂತು ಹಾಡಿದ ಹಾಗೆ ಕೇಳುತ್ತದೆ. ಆದರೆ ಅಂಥ ಜಾಗ ಇರುವುದು ಒಂದೇ ಕುರ್ಚಿಗೆ. ಹೊಸದಾಗಿ ಬಂದವರನ್ನು ಅದರ ಮೇಲೆ ಕೂರಿಸಿ, 'ಸ್ವಲ್ಪ ಎಡಕ್ಕೆ, ಹಾಂ, ಗದ್ದ ಎತ್ತಿ' ಅಂತ ಹೇಳುವುದನ್ನು ನೋಡಿದರೆ ಫೋಟೋ ಸ್ಟುಡಿಯೋ ನೆನಪಾಗುತ್ತದೆ. ಮಿಕ್ಕ ನಾಲ್ವರು ಅಕ್ಕಪಕ್ಕದಲ್ಲಿ ಕೂತು ಅರ್ಧಂಬರ್ಧ ಕೇಳುತ್ತೇವೆ. ಅದಕ್ಕೆ ಬದಲಾಗಿ ಮೇಷ್ಟ್ರ ಮನೆಯವರು ಮಾಡುವ ಚುರುಮುರಿ ನಮ್ಮ ಕೈಗೆ ಮೊದಲು ಬರುತ್ತದೆ.

ನಮ್ಮದು ಒಂದೇ ನಿಯಮ. ಒಬ್ಬರಿಗೆ ಒಂದು ಆಲ್ಬಮ್, ಅದರಲ್ಲಿ ಒಂದು ಬದಿ. ಎಲ್‌ಪಿಯ ಒಂದು ಬದಿ ಅಂದರೆ ಸುಮಾರು 20 ನಿಮಿಷ. ಮೊದಲೇ ಪೀಠಿಕೆ ಹಾಕಬಾರದು, ನಡುವೆ ಮಾತಾಡಬಾರದು. ಈ ನಿಯಮವನ್ನು ಇಲ್ಲಿಯವರೆಗೆ ಯಾರೂ ಪಾಲಿಸಿಲ್ಲ.

ಪಾಲಿಸುವುದಾದರೂ ಹೇಗೆ? ಒಬ್ಬನೇ ಕೂತು ಕೇಳುವಾಗ ಇಷ್ಟವಾದ ಹಾಡು ಸುಮ್ನೆ ಇಷ್ಟ, ಅಷ್ಟೆ. ನಾಲ್ಕು ಜನರ ಮುಂದೆ ಹಾಕಿದ ತಕ್ಷಣ ಅದು ಪರೀಕ್ಷೆಗೆ ಕೂತ ಮಗುವಿನ ಹಾಗೆ ಆಗಿಬಿಡುತ್ತದೆ. ಹಾಕಿದವರು ಹಾಡು ಕೇಳುವುದೇ ಇಲ್ಲ. ಒಬ್ಬರ ಕಾಲು ತಾಳ ಹಾಕುತ್ತಿದೆಯಾ, ಇನ್ನೊಬ್ಬರು ಗಡಿಯಾರ ನೋಡಿದರಾ, ಇದೇ ಲೆಕ್ಕ. ಮಗಳ ಗಂಡನಿಗೆ ಮೊದಲ ಸಲ ಹೋಳಿಗೆ ಬಡಿಸಿದ ಅತ್ತೆ ಕೂಡ ಇಷ್ಟು ದಿಟ್ಟಿಸಿ ನೋಡಲಾರರು.

ನಾನು ಒಂದು ಸಲ ವೀಣೆಯ ಸಿಡಿ ಒಯ್ದಿದ್ದೆ. ವೀಣೆ ದೊರೆಸ್ವಾಮಿ ಅಯ್ಯಂಗಾರ್ ಅವರದು. ಮೈಸೂರು ಬಾನಿಯ ಮೆದು ಮೀಟು. ಅದರಲ್ಲಿ ಒಂದು ಕಡೆ ಬೆರಳು ತಂತಿಯ ಮೇಲೆ ಜಾರುವ ಸಣ್ಣ ಸದ್ದು ಕೇಳುತ್ತದೆ. ಇಡೀ ಸಿಡಿಯಲ್ಲಿ ನನಗೆ ಬೇಕಾದದ್ದು ಆ ಅರೆಕ್ಷಣ. ಅದು ಬರುವ ಹೊತ್ತಿಗೆ ನಾನು ಕುರ್ಚಿಯ ತುದಿಗೆ ಬಂದಿದ್ದೆ. ಸರಿಯಾಗಿ ಆಗಲೇ ಪಕ್ಕದ ಮನೆಯ ಮಿಕ್ಸಿ ಶುರುವಾಯಿತು. ಮೇಷ್ಟ್ರು ಫ್ಯಾನ್ ನೋಡಿದರು. ನಾನು ಮತ್ತೆ ಹಿಂದಕ್ಕೆ ಹಾಕಿದೆ. ಎರಡನೇ ಸಲ ಮಿಕ್ಸಿ ಇರಲಿಲ್ಲ. 'ಈಗ ಬರುತ್ತೆ ನೋಡಿ' ಅಂದ ನನ್ನ ಮಾತೇ ಆ ಸದ್ದಿನ ಮೇಲೆ ಬಿತ್ತು.

ನಮ್ಮ ಗುಂಪಿನ ಟೀಚರಮ್ಮ ತರುವುದು ಕ್ಯಾಸೆಟ್. ಅಂಗಡಿಯಿಂದ ಕೊಂಡದ್ದಲ್ಲ. ಹುಡುಗಿಯಾಗಿದ್ದಾಗ ಹಳ್ಳಿಯ ಮನೆಯಲ್ಲಿ ರೇಡಿಯೋ ಮುಂದೆ ಟೇಪ್‌ರೆಕಾರ್ಡರ್ ಇಟ್ಟು, ಎಲ್ಲರನ್ನೂ ಸುಮ್ಮನಿರಿಸಿ ಮಾಡಿಕೊಂಡದ್ದು. 60 ನಿಮಿಷದ ಕ್ಯಾಸೆಟ್, ಒಂದು ಬದಿಗೆ ಅರ್ಧ ಗಂಟೆ. ಒಂದು ಹಾಡು ಪಲ್ಲವಿಯಲ್ಲೇ ಕಡಿದುಹೋಗಿ ಆ ಬದಿ ಮುಗಿಯುತ್ತದೆ. ಇನ್ನೊಂದು ಹಾಡಿನಲ್ಲಿ ಎರಡನೇ ಚರಣಕ್ಕೆ ಮೊದಲು ಬೀದಿಯಿಂದ ಒಂದು ಕೂಗು ಬರುತ್ತದೆ: 'ದಂಟ್ ಸೊಪ್ಪೂ...' ಶ್ರುತಿ ಕೂಡ ಹೆಚ್ಚುಕಡಿಮೆ ಸೇರುತ್ತದೆ. ನಾವು ನಕ್ಕೆವು. ಅವರು ನಗಲಿಲ್ಲ. 'ಈಗ ಆ ಹಾಡು ಬೇರೆ ಎಲ್ಲೇ ಕೇಳಿದರೂ ಅಲ್ಲಿ ಸೊಪ್ಪು ಬರಲಿಲ್ಲ ಅಂದ್ರೆ ಏನೋ ಬಿಟ್ಟುಹೋದ ಹಾಗೆ ಆಗುತ್ತೆ ಕಣ್ರೀ' ಅಂದರು. ನಿಜ ಹೇಳುತ್ತೇನೆ, ಎರಡು ಸಲ ಕೇಳಿದ ಮೇಲೆ ನನಗೂ ಹಾಗೇ ಆಗಿದೆ. ಮೊನ್ನೆ ಬಸ್ಸಿನಲ್ಲಿ ಅದೇ ಹಾಡು ಬಂತು. ಚರಣಕ್ಕೆ ಮೊದಲು ನಾನು ಕಿಟಕಿಯಿಂದ ಹೊರಗೆ ನೋಡಿದೆ.

ಕ್ಯಾಸೆಟ್ ಅಂದರೆ ಮೇಷ್ಟ್ರಿಗೆ ಸ್ವಲ್ಪ ತಾತ್ಸಾರ. ಟೇಪಿನ ಹಿಂದೆ ಸುಯ್ ಅನ್ನುವ ಸದ್ದು ಅವರಿಗೆ ಆಗುವುದಿಲ್ಲ. ಟೀಚರಮ್ಮ ಬಿಡುವವರಲ್ಲ. 'ನಮ್ಮೂರಿಗೆ ಭಾವಗೀತೆ ಬಂದಿದ್ದು ನಿಮ್ಮ ತಟ್ಟೆಯಲ್ಲಲ್ಲ ಮೇಷ್ಟ್ರೇ, ಕ್ಯಾಸೆಟ್ಟಲ್ಲಿ' ಅನ್ನುತ್ತಾರೆ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂದದ್ದು ಧ್ವನಿಸುರುಳಿಯಾಗಿಯೇ. ಎಷ್ಟೋ ಮನೆಗಳಲ್ಲಿ ಪೆನ್ಸಿಲ್ ಇರುತ್ತಿದ್ದದ್ದೇ ಸಿಕ್ಕಿಕೊಂಡ ಸುರುಳಿ ಸುತ್ತುವುದಕ್ಕೆ. ಮೇಷ್ಟ್ರು ಆಗ ಚುರುಮುರಿ ಕಡೆ ಗಮನ ಕೊಡುತ್ತಾರೆ.

ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವ ಹುಡುಗನೊಬ್ಬ ಇದ್ದಾನೆ. ಅವನು ಬರಿಗೈಲಿ ಬರುತ್ತಾನೆ, ಎಲ್ಲ ಮೊಬೈಲಿನಲ್ಲಿ. ಒಂದು ಸಲ ಮೈಲ್ಸ್ ಡೇವಿಸ್ ಅವರ 1959ರ ಜಾಜ್ ಆಲ್ಬಮ್ 'ಕೈಂಡ್ ಆಫ್ ಬ್ಲೂ' ಹಾಕಿದ. ನ್ಯೂಯಾರ್ಕಿನಲ್ಲಿ ಹಿಂದೆ ಚರ್ಚ್ ಆಗಿದ್ದ ಕಟ್ಟಡದ ಸ್ಟುಡಿಯೋದಲ್ಲಿ ಮುದ್ರಿಸಿದ್ದು. ಅಷ್ಟು ಹೇಳಿ ಸುಮ್ಮನಿದ್ದಿದ್ದರೆ ಆಗಿತ್ತು. ಅದರ ಮೊದಲ ಬದಿಯನ್ನು ಮುದ್ರಿಸುವಾಗ ಟೇಪ್ ಯಂತ್ರ ಸ್ವಲ್ಪ ನಿಧಾನ ಓಡುತ್ತಿತ್ತು, ಹಾಗಾಗಿ ತಟ್ಟೆಯಲ್ಲಿ ಆ ಮೂರು ತುಣುಕುಗಳೂ ಒಂಚೂರು ಬೇಗ, ಒಂಚೂರು ಏರು ಶ್ರುತಿಯಲ್ಲಿ ಬಂದವು, 1992ರಲ್ಲಿ ಅದನ್ನು ಸರಿ ಮಾಡಿದರು ಅಂತಲೂ ಹೇಳಿಬಿಟ್ಟ. ಮುಗೀತು. 'ಅಂದ್ರೆ 33 ವರ್ಷ ಇಡೀ ಲೋಕ ತಪ್ಪು ಸ್ಪೀಡಲ್ಲಿ ಕೇಳಿ ಮೆಚ್ಚಿಕೊಂಡಿತ್ತಾ?' ಅಂತ ಮೇಷ್ಟ್ರು ಎದ್ದೇಬಿಟ್ಟರು. ತಮ್ಮ ಪ್ಲೇಯರಿನ ಅಂಚಿನ ಚುಕ್ಕೆಗಳನ್ನು ತೋರಿಸಿದರು. ನಿಮಿಷಕ್ಕೆ 33⅓ ಸುತ್ತು ಸರಿಯಾಗಿ ಬಂದರೆ, 50 ಸೈಕಲ್ ಕರೆಂಟಿನ ದೀಪದಲ್ಲಿ ಆ ಚುಕ್ಕೆಗಳು ತಿರುಗುತ್ತಿದ್ದರೂ ನಿಂತ ಹಾಗೆ ಕಾಣುತ್ತವೆ. ಪಾಠ ಚೆನ್ನಾಗಿತ್ತು. ಜಾಜ್ ಕೇಳಿದವರು ಯಾರೂ ಇಲ್ಲ. ಹುಡುಗನ ಮುಖ ಬಾಡಿತು. ಕೊನೆಗೆ ಟೀಚರಮ್ಮ, 'ರಾತ್ರಿ ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕ ಹಾಗಿದೆ ಕಣಪ್ಪ' ಅಂದರು. ಆಮೇಲೆ ಅವನು ಎರಡು ತಟ್ಟೆ ಚುರುಮುರಿ ತಿಂದ.

ರೇಡಿಯೋ ಅಣ್ಣನದು ಇನ್ನೊಂದು ಕಥೆ. ಮೊದಲು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಅವರ ಹತ್ತಿರ ಇರುವುದು 78 ಸುತ್ತಿನ ಹಳೇ ಪ್ಲೇಟುಗಳು. ಅವು ಪ್ಲಾಸ್ಟಿಕ್ ಅಲ್ಲ, ಅರಗು. ಕಲ್ಲಿನ ಪುಡಿ ಬೆರೆಸಿದ ಅರಗು. ಕೌರವರು ಮನೆ ಕಟ್ಟಿಸಿದ ಅದೇ ಸರಕು. ಬಿದ್ದರೆ ಹಪ್ಪಳ. ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ, ಅಷ್ಟೆ. ಪಕ್ಕದ ಗುಬ್ಬಿಯಿಂದ ವೀರಣ್ಣನವರ ಕಂಪನಿ ಹೊರಟು ಊರೂರಲ್ಲಿ ಡೇರೆ ಹಾಕುತ್ತಿದ್ದ ಕಾಲ ಅದು. ಒನ್ಸ್ ಮೋರ್ ಬಿದ್ದು ಬಿದ್ದು ಬೆಳಗಾಗುವವರೆಗೂ ಎಳೆಯುತ್ತಿದ್ದ ರಂಗಗೀತೆಗಳು ಪ್ಲೇಟಿಗೆ ಬಂದರೆ ಮೂರು ನಿಮಿಷಕ್ಕೆ ಬಾಯಿ ಮುಚ್ಚಬೇಕಿತ್ತು. ಅಲ್ಲಿ ಒನ್ಸ್ ಮೋರ್ ಅಂದರೆ ಎದ್ದು ಹೋಗಿ ಪಿನ್ನು ಮತ್ತೆ ಇಡುವುದು.

ಗೌಹರ್ ಜಾನ್ ವಿಷಯ ಹೇಳಿದ್ದೂ ಅವರೇ. 1902ರಲ್ಲಿ ಕಲ್ಕತ್ತೆಯಲ್ಲಿ ನಮ್ಮ ದೇಶದ ಮೊದಲ ಪ್ಲೇಟುಗಳಿಗೆ ಹಾಡಿದವರಲ್ಲಿ ಆಕೆ ಒಬ್ಬರು. ಹಾಡು ಮುಗಿದ ಕೂಡಲೇ 'ಮೈ ನೇಮ್ ಈಸ್ ಗೌಹರ್ ಜಾನ್' ಅಂತ ಇಂಗ್ಲಿಷಿನಲ್ಲಿ ಕೂಗುತ್ತಿದ್ದರು. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಅಲ್ಲಿನವರಿಗೆ ಇದು ಯಾರ ಹಾಡು ಅಂತ ಗೊತ್ತಾಗಬೇಕಲ್ಲ. ಅದೇ ಗೌಹರ್ ಜಾನ್ ಕೊನೆಗೆ ಮೈಸೂರು ಅರಮನೆಯ ಆಸರೆಗೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ನನಗೆ ಆ ಕೂಗು ತುಂಬ ಹಿಡಿಸಿತು. ಹಾಡಿದ ಮೇಲೆ ಯಾರೂ ಸುಮ್ಮನಿರಲಾರರು. ಹಾಡು ಹಾಕಿದವರೂ ಅಷ್ಟೆ.

ಒಂದು ಅನುಮಾನ ಮಾತ್ರ ಉಳಿದಿದೆ. ಎಂ.ಎಸ್. ಸುಬ್ಬುಲಕ್ಷ್ಮಿ ಅವರ ಸುಪ್ರಭಾತದ ಎಲ್‌ಪಿ ಬಂದದ್ದು 1963ರಲ್ಲಿ. ನಮ್ಮ ಕಡೆಯ ಮನೆ, ಹೋಟೆಲು, ಗುಡಿ, ಎಲ್ಲ ಕಡೆ ಬೆಳಗಾದರೆ ಅದೇ. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಅಂತಲೂ ನಮಗೆಲ್ಲ ಬಾಯಿಪಾಠ. ಆದರೆ 'ನಿಮಗೆ ಇಷ್ಟದ ಆಲ್ಬಮ್ ತನ್ನಿ' ಅಂದಾಗ ಇಷ್ಟು ವರ್ಷದಲ್ಲಿ ಒಬ್ಬರೂ ಅದನ್ನು ತಂದಿಲ್ಲ. ನಾನೂ ತಂದಿಲ್ಲ. ಅನ್ನ ಸಾರು ಇಷ್ಟ ಅಂತ ಯಾರೂ ಮದುವೆ ಮನೆಯಲ್ಲಿ ಹೇಳುವುದಿಲ್ಲವಲ್ಲ, ಹಾಗೆ.

ಹೋದ ತಿಂಗಳು ಕೊನೆಯ ಸರದಿ ಮೇಷ್ಟ್ರದು. ಅವರು ತೆಗೆದದ್ದು 'ಕಾಲ್ ಆಫ್ ದಿ ವ್ಯಾಲಿ', 1967ರದು. ಶಿವಕುಮಾರ್ ಶರ್ಮಾ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಕೊಳಲು, ಬ್ರಿಜ್‌ಭೂಷಣ್ ಕಾಬ್ರಾ ಗಿಟಾರ್. ಕಾಶ್ಮೀರದ ಒಬ್ಬ ಕುರುಬನ ಒಂದು ದಿನ. ಬೆಳಗಿನ ಅಹೀರ್ ಭೈರವ ರಾಗದಿಂದ ಶುರುವಾಗಿ ಪಹಾಡಿಯಲ್ಲಿ ಮುಗಿಯುತ್ತದೆ. ಎರಡನೇ ಬದಿ ಹಾಕುತ್ತೇನೆ ಅಂದರು. ಲಕೋಟೆಯಿಂದ ತಟ್ಟೆ ತೆಗೆಯುವಾಗ ಅಂಚು ಬಿಟ್ಟು ಬೇರೆಲ್ಲೂ ಬೆರಳು ಸೋಕಿಸುವವರಲ್ಲ ಅವರು. ಬೇರೆಯವರನ್ನಂತೂ ಮುಟ್ಟಿಸುವುದೇ ಇಲ್ಲ. ಒಮ್ಮೆ ಹುಡುಗ ಹೆಬ್ಬೆರಳು ಒತ್ತಿದ್ದಕ್ಕೆ ಒಂದು ವಾರ ಫೋನ್ ಎತ್ತಿರಲಿಲ್ಲ.

ಬ್ರಷ್ಷಿನಿಂದ ಧೂಳು ತೆಗೆದರು. ಪಿನ್ನು ಇಟ್ಟರು. ಬಂದು ಕೂತರು. ಆಮೇಲೆ ನಮ್ಮ ಮುಖ ನೋಡುವ ಕೆಲಸ ಶುರುವಾಯಿತು. ನನ್ನ ವೀಣೆಯ ಸೇಡು ಮನಸ್ಸಿನಲ್ಲಿತ್ತು, ಫ್ಯಾನ್ ನೋಡೋಣ ಅಂದುಕೊಂಡೆ. ಆಗಲಿಲ್ಲ. ಚೆನ್ನಾಗಿತ್ತು. ಪಹಾಡಿ ಬಂತು. ಕೊಳಲು ಒಂದು ಸ್ವರದ ಮೇಲೆ ನಿಂತು ಇನ್ನೇನು ಇಳಿಯಬೇಕು, ಕರೆಂಟ್ ಹೋಯಿತು.

ಮನೆಯಲ್ಲಿ ಯುಪಿಎಸ್ ಇದೆ. ಅದರ ಬ್ಯಾಟರಿ ಸತ್ತು ಮೂರು ತಿಂಗಳಾಗಿತ್ತು. ಹೊಸ ಬ್ಯಾಟರಿಗೆ ಇಟ್ಟ ದುಡ್ಡಿನಲ್ಲಿ ಮೇಷ್ಟ್ರು ಹೊಸ ಪಿನ್ನು ತರಿಸಿದ್ದರು. ಹಾಗಾಗಿ ಕಗ್ಗತ್ತಲು. ಒಳಗಿನಿಂದ ಅವರ ಮನೆಯವರು, 'ಹಾಕಿ, ನಿಮ್ಮ ಪಿನ್ನಿಂದ ದೀಪ ಹಾಕಿ' ಅಂದರು.

ನಾವು ನಗಬೇಕು ಅನ್ನುವಷ್ಟರಲ್ಲಿ ರೇಡಿಯೋ ಅಣ್ಣ 'ಶ್' ಅಂದರು. ಸ್ಪೀಕರು ಸತ್ತಿದ್ದರೂ ತಟ್ಟೆ ಇನ್ನೂ ತಿರುಗುತ್ತಿತ್ತು. ಪಿನ್ನಿನ ತುದಿಯಿಂದಲೇ ಸೊಳ್ಳೆಯಷ್ಟು ಸಣ್ಣ ದನಿ. ಕೊಳಲು! ಎಲ್ಲರೂ ತಡಕಾಡಿಕೊಂಡು ಎದ್ದು ಗ್ರಾನೈಟ್ ಚಪ್ಪಡಿಯ ಸುತ್ತ ಬಗ್ಗಿದೆವು. ಯಾರದೋ ತಲೆಗೆ ಯಾರದೋ ತಲೆ ತಾಗಿತು. ತಟ್ಟೆ ನಿಧಾನವಾಗುತ್ತಾ ಬಂತು, ದನಿ ಇಳಿಯುತ್ತಾ ಬಂತು, ನಿಂತಿತು.

ಯಾರೂ ಮೊಬೈಲ್ ಬೆಳಕು ಹಾಕಲಿಲ್ಲ. ಕತ್ತಲಲ್ಲೇ ಮತ್ತೆ ಕೊಳಲು ಎದ್ದಿತು. ಓಲಾಡುತ್ತಾ, ಒಮ್ಮೆ ದಪ್ಪ, ಒಮ್ಮೆ ಕೀರಲು. ಮೇಷ್ಟ್ರು ನಡುವಿನ ಕಾಗದದ ಮೇಲೆ ಬೆರಳಿಟ್ಟು ತಟ್ಟೆಯನ್ನು ಕೈಯಲ್ಲೇ ತಿರುಗಿಸುತ್ತಿದ್ದರು. ನಮ್ಮ ಮುಖ ಅವರಿಗೆ ಕಾಣುವಂತಿರಲಿಲ್ಲ.

'ಕೇಳಿಸ್ತಾ ಇದೆಯೇನ್ರೀ?' ಅಂದರು.