ಜೇಬಿನಲ್ಲಿದ್ದ ಫ್ಯೂಸು, ಸೊಂಟದಲ್ಲಿರುವ ಬೀಗ

ನಾನು ಎಲೆಕ್ಟ್ರಿಷಿಯನ್ ಕೆಲಸ ಕಲಿತಾಗ ಲಾಕ್‌ಔಟ್ ಅನ್ನೋ ಪದ ಕೇಳಿರಲೇ ಇಲ್ಲ. ಆಫ್ ಮಾಡಿದ ಸ್ವಿಚ್ಚನ್ನು ಕೆಲಸ ಮುಗಿಯುವವರೆಗೆ ಯಾರೂ ಹಾಕದಂತೆ ಬೀಗ ಜಡಿಯುವುದಕ್ಕೆ ಹಾಗನ್ನುತ್ತಾರೆ. ಫ್ಯೂಸ್ ಕ್ಯಾರಿಯರ್, ಅಂದರೆ ಫ್ಯೂಸ್ ತಂತಿ ಇರುವ ಹಿಡಿ, ಕಿತ್ತು ಜೇಬಿಗೆ ಹಾಕಿಕೊಂಡರೆ ಮುಗಿಯಿತು. ಅದು ನನ್ನ ಹತ್ತಿರ ಇರುವವರೆಗೆ ಯಾರೂ ಕರೆಂಟ್ ಕೊಡಲಾರರು ಅನ್ನೋ ಧೈರ್ಯ. ಕರ್ನಾಟಕ ಬಿಟ್ಟು ಹನ್ನೊಂದು ವರ್ಷವಾಯಿತು. ಈಗ ಬೆಲ್ಟಿಗೆ ಒಂದು ಕೆಂಪು ಬೀಗ ನೇತಾಡುತ್ತದೆ. ಅದರ ಮೇಲೆ ನನ್ನ ಹೆಸರಿದೆ.

'ನಿಮ್ಮ ಕಡೆ ಸೇಫ್ಟಿ ಜಾಸ್ತಿ ಬಿಡಪ್ಪಾ' ಅಂತ ಹಳೇ ಜೊತೆಗಾರರು ಹೇಳುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ.

ಜೇಬಿನ ಫ್ಯೂಸ್ ದಡ್ಡತನವಲ್ಲ. ಯಾರ ಕೈ ತಂತಿಯ ಮೇಲಿದೆಯೋ, ಕರೆಂಟ್ ವಾಪಸ್ ಕೊಡುವುದೂ ಅವನ ಕೈಯಲ್ಲೇ ಇರಬೇಕು. ಬೀಗದ ಲೆಕ್ಕವೂ ಇದೇ ಅಲ್ವಾ? ಆದರೆ ಪಕ್ಕದ ಸರ್ಕ್ಯೂಟಿನ ಕ್ಯಾರಿಯರ್ ತಂದು ಯಾರಾದರೂ ತುರುಕಬಹುದಿತ್ತು. ಫ್ಯೂಸಿನ ಬದಲು ಎಂಸಿಬಿ, ಅಂದರೆ ತಾನೇ ಟ್ರಿಪ್ ಆಗುವ ಸಣ್ಣ ಬ್ರೇಕರ್ ಸ್ವಿಚ್ಚು, ಬಂದ ಮೇಲಂತೂ ಜೇಬಿಗೆ ಹಾಕಿಕೊಳ್ಳಲು ಏನೂ ಉಳಿಯಲಿಲ್ಲ. ಬೋರ್ಡಿನ ಮುಂದೆ ಹುಡುಗನೊಬ್ಬನನ್ನು ನಿಲ್ಲಿಸಿ, 'ಯಾರೂ ಮುಟ್ಟದ ಹಾಗೆ ನೋಡ್ಕೋ' ಅಂತ ಹೇಳಿ ಹೋಗುತ್ತಿದ್ದೆವು. ಅವನಿಗೆ ಫೋನ್ ಬಂದು ಆಚೆ ಹೋದರೆ ಕಥೆ ಮುಗೀತು.

ಹೊರಗೆ ಬಂದ ಮೇಲೆ ಬೇರೆ ಥರದ ತಮಾಷೆ ನೋಡಿದೆ. ಗೋಡೆಯ ಮೇಲೆ ಹಳದಿ ಬೋರ್ಡು, ಅದರ ತುಂಬ ಬೀಗ, ಕ್ಲ್ಯಾಂಪು. ಮೊದಲ ವರ್ಷ ಒಂದು ಮೋಟರ್ ಬಿಚ್ಚಬೇಕಿತ್ತು. ಅದರ ಎಂಸಿಸಿಬಿ (ಎಂಸಿಬಿಗಿಂತ ದೊಡ್ಡ ಬ್ರೇಕರ್) ಆಫ್ ಮಾಡಿದೆ. ಟಾಗಲ್, ಅಂದರೆ ಆನ್-ಆಫ್ ಮಾಡುವ ಕಡ್ಡಿಯ ಮೇಲೆ ಕ್ಲ್ಯಾಂಪ್ ಕೂರಿಸಿ, ಸ್ಕ್ರೂ ಬಿಗಿ ಮಾಡಿ, ಬೀಗ ಹಾಕಿದೆ. ಸುಮ್ನೆ ಒಮ್ಮೆ ಎಳೆದು ನೋಡಿದೆ. ಬೀಗದ ಸಮೇತ ಕೈಗೇ ಬಂತು! ಪ್ಯಾಕೆಟ್ಟಿನ ಮೇಲೆ 'ಯೂನಿವರ್ಸಲ್' ಅಂತ ಬರೆದಿತ್ತು. ಆ ಟಾಗಲ್ ತುದಿಗೆ ಹೋದಂತೆ ಸಪೂರ. ಕ್ಲ್ಯಾಂಪಿನ ಹಲ್ಲಿಗೆ ಹಿಡಿತವೇ ಸಿಕ್ಕಿರಲಿಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾದ ನಿಯಮದಲ್ಲಿ, ಬೀಗ ಬಿಡಿ, ಬರೀ ಎಚ್ಚರಿಕೆ ಚೀಟಿ (ಟ್ಯಾಗ್) ಕಟ್ಟುವ ಟೈ ಕೂಡ 50 ಪೌಂಡ್, ಅಂದರೆ 22 ಕೆಜಿಗೂ ಮೇಲಿನ ಎಳೆತ ತಡೆಯಬೇಕು ಅಂತಿದೆ. ನನ್ನದು ಎರಡು ಬೆರಳಿಗೇ ಬಿಟ್ಟುಕೊಂಡಿತ್ತು.

ಅವತ್ತಿನಿಂದ ಕ್ಯಾಟಲಾಗ್ ನೋಡಿ ಆರ್ಡರ್ ಮಾಡುವವರ ಜೊತೆ ನನ್ನ ಜಗಳ. ಬೋರ್ಡಿನ ಮುಂದೆ ನಿಂತು ಬ್ರೇಕರ್ ನೋಡಿ ಆರಿಸಬೇಕು. ಸಣ್ಣ ಎಂಸಿಬಿಗಳಲ್ಲಿ ಟಾಗಲ್ ಪಕ್ಕ ಸೂಜಿಮೊನೆಯಂಥ ತೂತುಗಳಿರುತ್ತವೆ, ಬೀಗ ಹಾಕುವ ಕ್ಲಿಪ್ಪಿನ ಪಿನ್ ಕೂರುವುದು ಅವುಗಳಲ್ಲೇ. ಕೆಲವಕ್ಕೆ ಹೊರಕ್ಕೆ ಚಾಚುವ ಪಿನ್ ಬೇಕು, ಕೆಲವಕ್ಕೆ ಒಳಕ್ಕೆ ಚಾಚುವ ಪಿನ್. ನೋಡಲು ಒಂದೇ ಥರ ಇರುವ ಎರಡು ಎಂಸಿಬಿಗಳ ಕಂಪನಿ ಬೇರೆಯಾದರೆ, ಒಂದರದು ಇನ್ನೊಂದಕ್ಕೆ ಕೂರದೇ ಇರಬಹುದು. ತೂತೇ ಇಲ್ಲದವೂ ಉಂಟು. ಕೂತ ಮೇಲೂ ಎರಡು ಮಾತು ಕೇಳಿಕೊಳ್ಳಿ. ಬೋರ್ಡಿನ ಬಾಗಿಲು ಮುಚ್ಚುತ್ತದೆಯೇ? ಪಕ್ಕದ ಬ್ರೇಕರ್ ಆಫ್ ಮಾಡಲು ಬೆರಳು ಹೋಗುತ್ತದೆಯೇ? ಬಾಗಿಲು ಮುಚ್ಚದಿದ್ದರೆ ಯಾರೋ ಒಬ್ಬ 'ಅಡ್ಡ ಬರ್ತಿದೆ' ಅಂತ ತೆಗೆಯಲು ಹೊರಡುತ್ತಾನೆ.

ತಿರುಗಿಸುವ ಹಿಡಿಯ ಐಸೊಲೇಟರ್ (ಕರೆಂಟ್ ಪೂರ್ತಿ ಕಡಿಯುವ ಸ್ವಿಚ್ಚು) ಇದ್ದರೆ ಇಷ್ಟು ಗೋಳಿಲ್ಲ. ಎಷ್ಟೋ ಹಿಡಿಗಳಲ್ಲಿ ಬೀಗದ ತೂತು ಅದರಲ್ಲೇ ಇರುತ್ತದೆ, ಬೀಗದ ಕೊಂಡಿ ಅದರೊಳಗೆ ತೂರಿದರೆ ಸಾಕು. ಪ್ಲಗ್ ಆದರೆ ಕಿತ್ತು ಡಬ್ಬಿಯೊಳಗೆ ಇಟ್ಟು ಬೀಗ. ಎಮರ್ಜೆನ್ಸಿ ಸ್ಟಾಪ್ ಬಟನ್ ಮೇಲೆ ಮುಚ್ಚಳ ಹಾಕಿ ಬೀಗ ಜಡಿದು 'ಆಯ್ತು' ಅನ್ನುವವರನ್ನೂ ನೋಡಿದ್ದೇನೆ. ಆ ಬಟನ್ ಸಾಮಾನ್ಯವಾಗಿ ಮೆಷಿನ್ನಿಗೆ ಆಜ್ಞೆ ಕೊಡುವ ಕಂಟ್ರೋಲ್ ಸರ್ಕ್ಯೂಟನ್ನಷ್ಟೇ ಕಡಿಯುತ್ತದೆ. ಪವರ್ ಅಲ್ಲೇ ಕೂತಿರುತ್ತದೆ.

ಇಲ್ಲಿನ ಪದ್ಧತಿಯಲ್ಲಿ ನಾನು ಕಣ್ಣುಮುಚ್ಚಿ ಒಪ್ಪುವುದು ಹ್ಯಾಸ್ಪ್ ಒಂದನ್ನು. ಒಂದೇ ಕೊಕ್ಕೆಗೆ ಆರು ಬೀಗ. ನಾಲ್ಕು ಜನ ಕೆಲಸಕ್ಕಿದ್ದರೆ ನಾಲ್ಕು ಬೀಗ, ಕೊನೆಯವನು ತೆಗೆಯುವವರೆಗೆ ಸ್ವಿಚ್ ಅಲುಗಾಡದು. ಜೇಬಿನ ಫ್ಯೂಸ್ ಒಬ್ಬನನ್ನು ಮಾತ್ರ ಕಾಯುತ್ತಿತ್ತು. ಆದರೆ ಎಲ್ಲ ಬೀಗಕ್ಕೂ ಆಗುವ ಒಂದು ಕೀ ಸೂಪರ್‌ವೈಸರ್ ಡ್ರಾಯರಿನಲ್ಲಿ ಇದ್ದರೆ ಈ ಆರೂ ಬೀಗ ಬರೀ ಅಲಂಕಾರ.

ಇನ್ನು ಬೀಗ ಬಿದ್ದ ಮಾತ್ರಕ್ಕೆ ತಂತಿ ಸತ್ತಿದೆ ಅಂತಲೂ ಅಲ್ಲ. ಯುಪಿಎಸ್, ಜನರೇಟರ್, ಸೋಲಾರ್ ಯಾವ ಕಡೆಯಿಂದ ಬೇಕಾದರೂ ವಾಪಸ್ ಬಂದೀತು. ಮೀಟರನ್ನು ಮೊದಲು ಕರೆಂಟ್ ಇರುವ ಜಾಗದಲ್ಲಿ ಹಿಡಿಯುತ್ತೇನೆ. ಆಮೇಲೆ ಕೆಲಸದ ಜಾಗದಲ್ಲಿ. ಮತ್ತೆ ಕರೆಂಟ್ ಇರುವ ಜಾಗದಲ್ಲಿ. ನಡುವೆ ಮೀಟರೇ ಕೆಟ್ಟಿರಬಹುದಲ್ಲ.

ಕಳೆದ ಶಟ್‌ಡೌನ್‌ನಲ್ಲಿ ನಾವಿಬ್ಬರು ಒಂದೊಂದೇ ಬೋರ್ಡ್ ತೆರೆದು, ಪ್ರತಿ ಬ್ರೇಕರಿಗೂ ಲಾಕ್‌ಔಟ್ ಹಾಕಿ ಎಳೆದು ನೋಡಿದೆವು. ಯಾವುದಕ್ಕೆ ಯಾವುದು ಕೂರುತ್ತದೆ ಅಂತ ಬಾಗಿಲಿನ ಒಳಗಡೆ ಮಾರ್ಕರಿನಲ್ಲಿ ಬರೆದೆವು. ಮೂರು ಬ್ರೇಕರಿಗೆ ಪೆಟ್ಟಿಗೆಯಲ್ಲಿದ್ದ ಯಾವುದೂ ಕೂರಲಿಲ್ಲ. ಅವುಗಳ ಎದುರು 'ಇದಕ್ಕೆ ಕರೆಂಟ್ ಕೊಡುವ ಹಿಂದಿನ ಐಸೊಲೇಟರ್‌ನಲ್ಲೇ ಆಫ್ ಮಾಡಿ' ಅಂತ ಬರೆದಿದ್ದೇವೆ.