ಸ್ವಾಮಿ, ಪ್ರಸಾದ, ಸಾಕ್ಷಿ

ಡಿಸೆಂಬರ್ ತಿಂಗಳಲ್ಲಿ ಚಿಕ್ಕಮಗಳೂರಿನ ಮಾರ್ಕೆಟ್ಟಿನಲ್ಲಿ ನಿಂತು ‘ಸ್ವಾಮಿ’ ಎಂದು ಕೂಗಿ ನೋಡಿ. ಕಪ್ಪು ಪಂಚೆ ಉಟ್ಟ ಅಯ್ಯಪ್ಪನ ಮಾಲೆಧಾರಿಗಳೆಲ್ಲ ಒಟ್ಟಿಗೆ ತಿರುಗುತ್ತಾರೆ. ‘ಏನ್ ಸ್ವಾಮಿ, ಬೀನ್ಸಿಗೆ ಈ ರೇಟಾ?’ ಅನ್ನಿಸಿಕೊಂಡು ಅಭ್ಯಾಸವಾದ ತರಕಾರಿಯವನೂ ತಿರುಗುತ್ತಾನೆ. ಕ್ರಿಸ್‌ಮಸ್ಸಿನ ಗೋದಲಿಗೆ, ಅಂದರೆ ಬಾಲಯೇಸುವಿನ ಕೊಟ್ಟಿಗೆಗೆ, ಬಣ್ಣದ ಕಾಗದ ಕೊಳ್ಳಲು ಬಂದ ನಮ್ಮ ಕ್ಯಾಥೊಲಿಕ್ ಚರ್ಚಿನ ಪಾದ್ರಿಗಳೂ ತಿರುಗುತ್ತಾರೆ. ನಮ್ಮ ಮನೆಯ ಹಿರಿಯರ ಬಾಯಲ್ಲಿ ಅವರು ಇಂದಿಗೂ ‘ಸ್ವಾಮಿಯೋರು’. ಹುಡುಗರೆಲ್ಲ ‘ಫಾದರ್’ ಅನ್ನುತ್ತಾರೆ. ನನ್ನ ಓಟು ಸ್ವಾಮಿಗೆ. ಟಿಪ್ಪು ಮಡಿದ 1799ರ ನಂತರ ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಇಲ್ಲಿಯವರಂತೆ ಉಟ್ಟು, ಇಲ್ಲಿಯವರಂತೆ ಉಂಡು, ಹಾಸನದ ಕಡೆ ಕ್ರೈಸ್ತ ಒಕ್ಕಲುಗಳಿಗೆ ನೆಲೆ ಮಾಡಿಕೊಟ್ಟು, ಸಿಡುಬಿನ ಲಸಿಕೆ ಹಾಕಿಸಿ 1823ರಲ್ಲಿ ಸ್ವದೇಶಕ್ಕೆ ಹೊರಟುಹೋದರು. ಜನ ಅವರನ್ನು ಕರೆದದ್ದು ‘ದೊಡ್ಡಸ್ವಾಮಿಯವರು’ ಎಂದೇ. ಇನ್ನೂರು ವರ್ಷ ಸವೆಸಿದ ಪದವನ್ನು ಇಂಗ್ಲಿಷ್ ಮೀಡಿಯಂ ಮಕ್ಕಳಿಗಾಗಿ ಬಿಟ್ಟುಕೊಡಲಾದೀತೆ?

ಪ್ರಸಾದದ ವಿಷಯ ಮಾತ್ರ ಇಷ್ಟು ಸಲೀಸಲ್ಲ. ಪಕ್ಕದ ಮನೆಯ ಅಜ್ಜಿ ರಾಮನವಮಿಗೆ ಕೋಸಂಬರಿ, ಪಾನಕ, ಸತ್ಯನಾರಾಯಣ ಪೂಜೆಗೆ ತುಪ್ಪ ಸುರಿಯುವ ಸಪಾದಭಕ್ಷ್ಯ ಕಾಂಪೌಂಡಿನ ಮೇಲಿಂದಲೇ ಕೊಡುವವರು. ಭಾನುವಾರ ನಾವು ಗೇಟು ತೆಗೆಯುವ ಹೊತ್ತಿಗೆ ಸರಿಯಾಗಿ ಕೇಳುತ್ತಾರೆ: ‘ಪೂಜೆ ಆಯ್ತಾ? ಪ್ರಸಾದ ಎಲ್ಲಿ?’ ಪೂಜೆ ಆಗಿರುತ್ತದೆ, ಸುಳ್ಳಲ್ಲ. ಕ್ಯಾಥೊಲಿಕ್ ಬಿಷಪರೆಲ್ಲ ರೋಮಿನಲ್ಲಿ ಕೂಡಿದ ಎರಡನೇ ವ್ಯಾಟಿಕನ್ ಮಹಾಸಭೆ (1962–65) ನಡೆಯುವ ತನಕ ಅದು ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು; ಒಂದಕ್ಷರ ಅರ್ಥವಾಗದ ನಮ್ಮ ಅಜ್ಜಿ ಆಗಲೂ ‘ಪೂಜೆಗೆ ಹೋಗ್ಬಂದೆ’ ಅನ್ನುತ್ತಿದ್ದಳು. ಪ್ರಸಾದವೂ ಉಂಟು, ಅದೂ ಪರಮಪ್ರಸಾದ. ಆದರೆ ಅದು ಗೋಧಿಯ ತೆಳ್ಳನೆಯ ಬಿಲ್ಲೆ. ಅಂಗೈಗೋ ನಾಲಿಗೆಗೋ ಬಿದ್ದದ್ದನ್ನು ಅಲ್ಲೇ ಸೇವಿಸಬೇಕು. ಮನೆಗೆ ಕಟ್ಟಿಸಿಕೊಳ್ಳುವ ಹಾಗಿಲ್ಲ, ದೀಕ್ಷಾಸ್ನಾನ ಆಗದವರಿಗೆ ಕೊಡುವ ಹಾಗೂ ಇಲ್ಲ. ಇದನ್ನೆಲ್ಲ ಕಾಂಪೌಂಡಿನ ಈಚೆ ನಿಂತು, ಅವರದೇ ತೊಳೆದ ಡಬ್ಬಿ ಕೈಯಲ್ಲಿ ಹಿಡಿದುಕೊಂಡು ಹೇಗೆ ವಿವರಿಸುವುದು? ಅಜ್ಜಿ ತಮ್ಮಷ್ಟಕ್ಕೆ ತೀರ್ಮಾನ ಮಾಡಿಕೊಂಡಿದ್ದಾರೆ: ‘ನಿಮ್ಮ ದೇವ್ರ ಕೈ ಸ್ವಲ್ಪ ಬಿಗಿ.’

ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೆ ಬನ್ನು ಹಂಚುತ್ತಾರೆ, ಬಂದವರಿಗೆಲ್ಲ. ಪಕ್ಕದ ಮನೆಯ ಅಜ್ಜಿಗೆ ಒಂದು ತಂದುಕೊಟ್ಟೆ. ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ‘ಇದು ನೋಡಪ್ಪ ಪ್ರಸಾದ ಅಂದ್ರೆ!’ ಧರ್ಮೋಪದೇಶದ ಕ್ಲಾಸಿನಲ್ಲಿ ಹೀಗೆ ಬರೆದರೆ ಸೊನ್ನೆ ಬೀಳುತ್ತಿತ್ತು. ನಾನು ತಿದ್ದಲು ಹೋಗಲಿಲ್ಲ.

ನಮ್ಮ ಏಳು ಸಂಸ್ಕಾರಗಳಲ್ಲಿ ಒಂದಕ್ಕೆ ‘ದೃಢೀಕರಣ’ ಎಂದು ಹೆಸರಿಟ್ಟ ಪುಣ್ಯಾತ್ಮರು ತಾಲ್ಲೂಕು ಕಚೇರಿಯ ಕ್ಯೂನಲ್ಲಿ ನಿಂತವರಲ್ಲ. ‘ಮಗಳಿಗೆ ದೃಢೀಕರಣ ಇದೆ, ರಜೆ ಬೇಕು’ ಎಂದರೆ ನಮ್ಮ ಹೆಡ್ ಕ್ಲರ್ಕು ‘ಜಾತೀದೋ ಆದಾಯದ್ದೋ?’ ಎಂದರು. ಬಿಷಪರು ಹಣೆಗೆ ಪರಿಮಳದ ತೈಲ ಹಚ್ಚುವುದು, ಜೆರಾಕ್ಸ್ ಬೇಕಾಗಿಲ್ಲ ಎಂದ ಮೇಲೆ ಅರ್ಧ ದಿನ ಸಿಕ್ಕಿತು. (ಸಂಸ್ಕಾರ ಎಂಬುದೂ ಅಷ್ಟೇ. ಈ ಊರಿನಲ್ಲಿ ಮನುಷ್ಯರಿಗಿಂತ ಹೆಚ್ಚು ಸಂಸ್ಕರಣೆ ಕಾಫಿ ಬೀಜಕ್ಕೆ ಆಗುತ್ತದೆ.)

ನನ್ನ ಹೆಂಡತಿಯ ತವರು ಹಾಸನ. ಅವರು ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದ ಪ್ರಾಟೆಸ್ಟೆಂಟರು. ಅಲ್ಲಿ ಪೂಜೆ ಇಲ್ಲ, ಆರಾಧನೆ, ಸ್ವಾಮಿಯೋರಿಲ್ಲ, ಅಯ್ಯನವರು. ಅವರ ಬೈಬಲಿನಲ್ಲಿ ಇಪ್ಪತ್ಮೂರನೆಯ ಕೀರ್ತನೆ ‘ಯೆಹೋವನು ನನಗೆ ಕುರುಬನು’ ಎಂದು ಶುರುವಾಗುತ್ತದೆ. ಕಡೂರು, ಅರಸೀಕೆರೆ ಬಯಲಿನಲ್ಲಿ ಕಂಬಳಿ ಹೆಗಲಿಗೇರಿಸಿ ಮಂದೆಯ ಹಿಂದೆ ನಡೆಯುವವರನ್ನು ಕಂಡ ನಮಗೆ ಇದಕ್ಕೆ ಟಿಪ್ಪಣಿ ಬೇಡ. ಬೇಕಿರುವುದು ಕುರಿಗೆ. ವಾರವೆಲ್ಲ ಯಾರಾದರೂ ‘ಕುರಿ’ ಎಂದರೆ ಜಗಳಕ್ಕೆ ನಿಲ್ಲುವ ನನ್ನ ಭಾವಮೈದ, ಭಾನುವಾರ ಅಯ್ಯನವರು ‘ನೀವೆಲ್ಲ ಕುರಿಗಳು’ ಎಂದಾಗ ಎಲ್ಲರಿಗಿಂತ ಜೋರಾಗಿ ‘ಆಮೆನ್’ ಅನ್ನುತ್ತಾನೆ.

ಅವರ ಕಡೆಯ ಪದಗಳಲ್ಲಿ ನನಗೆ ರುಚಿಯೆನಿಸಿದ್ದು ‘ಸಾಕ್ಷಿ’. ಮನೆಮನೆಯ ಪ್ರಾರ್ಥನಾ ಕೂಟದಲ್ಲಿ ಒಬ್ಬೊಬ್ಬರಾಗಿ ಎದ್ದು ದೇವರು ತಮಗೆ ಮಾಡಿದ ಉಪಕಾರ ಹೇಳಿಕೊಳ್ಳುವುದಕ್ಕೆ ಸಾಕ್ಷಿ ಹೇಳುವುದು ಎನ್ನುತ್ತಾರೆ. ಆದಿ ಕ್ರೈಸ್ತರು ಈ ಕೆಲಸಕ್ಕೆ ತಲೆ ಕೊಟ್ಟರು. ಅದಕ್ಕೇ ಹುತಾತ್ಮರನ್ನು ರಕ್ತಸಾಕ್ಷಿಗಳು ಅನ್ನುವುದು. ಹಾಸನದಲ್ಲಿ ಹೆಚ್ಚೆಂದರೆ ಕಾಫಿ ಆರುತ್ತದೆ. ಅತ್ತೆಯ ಚಿಕ್ಕಪ್ಪನ ಮಗ ಒಬ್ಬರಿದ್ದಾರೆ, ಕಿಡ್ನಿಯ ಕಲ್ಲು ಬಿದ್ದ ಸಾಕ್ಷಿಯನ್ನು ಪ್ರತಿ ಕೂಟದಲ್ಲೂ ಹೊಸದಾಗಿ ಹೇಳುವವರು. ಕಲ್ಲು ಈಗ ಗೋಲಿಯ ಗಾತ್ರಕ್ಕೆ ಬೆಳೆದಿದೆ. ಹೋದ ವರ್ಷ ಅತ್ತೆಯ ಜಮೀನಿನ ಬದುವಿನ ತಕರಾರು ಕೋರ್ಟು ಹತ್ತಿತು. ಬದು ಎಲ್ಲಿತ್ತೆಂದು ಕಣ್ಣಾರೆ ಕಂಡವರು ಇವರೊಬ್ಬರೇ. ಸಾಕ್ಷಿ ಹೇಳಲು ಬನ್ನಿ ಎಂದು ಅತ್ತೆ ನನ್ನನ್ನೂ ಕರೆದುಕೊಂಡು ಹೋಗಿ ಕೇಳಿದರು. ಮನುಷ್ಯ ಬೆವರಿಬಿಟ್ಟರು.

‘ಅಲ್ಲ ಅಕ್ಕಾ, ಅಲ್ಲಿ ವಕೀಲ್ರು ಕ್ರಾಸ್ ಮಾಡ್ತಾರಂತೆ!’

‘ಶಿಲುಬೆ ಹೊರ್ತೀನಿ ಅಂತ ವಾರವಾರ ಹಾಡೋವಾಗ ಗೊತ್ತಿರ್ಲಿಲ್ವೇನೋ?’ ಎಂದರು ಅತ್ತೆ.